ಹೊಳೆಯದ ಬೆಳ್ಳಿ

ಪುಣೆ, ಜುಲೈ 1997

ಅಪ್ಪಾ, ನಮಸ್ಕಾರ.

ಗೆರೆ ಬಂತು! ನೀವು ಮಾಡಿಕೊಟ್ಟ ಬೆಳ್ಳಿ ಸರಳನ್ನು ಉಪ್ಪುನೀರಿನಲ್ಲಿ ಇಳಿಸಿ, ಕರೆಂಟು ಕೊಟ್ಟು, ಅದರ ಮೇಲೆ ಲೇಸರ್ ಬಿಟ್ಟೆವು. ಉಪ್ಪಿನ ಅಯಾನುಗಳು ಬೆಳ್ಳಿಗೆ ಅಂಟಿ ಕೂತಿವೆ ಎಂದು ಹೇಳುವ ಗೆರೆ ಪರದೆಯ ಮೇಲೆ ಎದ್ದು ನಿಂತಿತು. ನಾನು ಲ್ಯಾಬಿನಲ್ಲೇ ಕುಣಿದುಬಿಟ್ಟೆ!

ಇಷ್ಟು ದಿನ ಯಾಕೆ ಬರಲಿಲ್ಲ ಗೊತ್ತೇ? ಬೆಳ್ಳಿಯ ಮೈ ಒರಟಾಗಿದ್ದರೆ ಮಾತ್ರ ಆ ಗೆರೆ ಕಾಣುತ್ತದೆ. ನಮ್ಮ ಬಾಪಟ್ ಸರ್ ದಿನಾ ಸಂಜೆ ಅದನ್ನು ಒರಟು ಮಾಡಿಟ್ಟು ಹೋಗುತ್ತಿದ್ದರು. ಮಾಸಿದ ಬೆಳ್ಳಿ ನೋಡಲಾಗದೆ ನಾನು ಸೀಮೆಸುಣ್ಣ, ಅಂಟುವಾಳ ಹಾಕಿ ತಿಕ್ಕಿ ಫಳಫಳ ಮಾಡಿಡುತ್ತಿದ್ದೆ! ನಿನ್ನೆ ಸಿಕ್ಕಿಬಿದ್ದೆ. ಸರ್ ಮೊದಲು ಬೈದರು, ಆಮೇಲೆ "ಅಕ್ಕಸಾಲಿ ಸೋನಾರರ ಮಗಳಲ್ಲವೇ!" ಎಂದು ನಕ್ಕರು.

ಇನ್ನೊಂದು ಸರಳು ಬೇಕು. ಅದಕ್ಕೆ ಪಾಲಿಶ್ ಬೇಡ.

"ಹೊಳಪಿಲ್ಲದ ಬೆಳ್ಳಿ ನಮ್ಮ ಅಂಗಡ್ಯಾಗ ಇಡಂಗಿಲ್ಲ" ಅನ್ನುತ್ತೀರಿ, ಗೊತ್ತು. ಆದರೂ ಪಂಚಮಿಗೆ ಬರುವಾಗ ಈ ಮಾಸಿದ ಸರಳನ್ನು ತರುತ್ತೇನೆ. ಗಾಜಿನ ಕಪಾಟಿನಲ್ಲಿ ಅಣ್ಣ ಮಾಡಿದ ಕಾಲುಂಗುರಗಳ ಪಕ್ಕ ಇಡಿ. ಯಾರಾದರೂ ಕೇಳಿದರೆ "ಇದು ನಮ್ಮ ರೇಣುನ ಕೆಲಸ ರೀ" ಎನ್ನಿ.

ಉಜ್ಜಬೇಡಿ ಮತ್ತೆ.

ನಿಮ್ಮ ಮಗಳು
ರೇಣು