ಐದು ಇಂಚಿನ ಹೊಸ್ತಿಲು

ನಿಜಲಿಂಗಪ್ಪ ಬಡಾವಣೆ, ದಾವಣಗೆರೆ
೧೨-೧೧-೨೦೨೫, ಬುಧವಾರ

ಮಗಳು ಉಮಾಗೆ,

ಅವ್ವನ ಆಶೀರ್ವಾದ. ನಿನ್ನ ಸೊಂಟದ ನೋವು ಇಳಿಯಲಿ ಅಂತ ದಿನಾ ವಿಭೂತಿ ಹಚ್ಚಿಕೊಳ್ಳುವಾಗ ನೆನೆಸಿಕೊಳ್ಳುತ್ತೇನೆ. ನೀನು ಎರಡು ಸಲ ಫೋನ್ ಮಾಡಿದಾಗಲೂ ನಾನು ಸರಿಯಾಗಿ ಮಾತಾಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮನೆಯಲ್ಲಿ ಫೋನು ಯಾವಾಗಲೂ ನಿಮ್ಮಪ್ಪನ ಮಂಚದ ಪಕ್ಕ ಸ್ಪೀಕರಿನಲ್ಲೇ ಇರುತ್ತದೆ. ಅದಕ್ಕೇ ಈ ಕಾಗದ. ನಮ್ಮ ಮೇಸ್ತ್ರಿ ಬಡೇಸಾಬ್ ಸಂಜೆ ಹರಿಹರಕ್ಕೆ ವಾಪಸ್ ಹೋಗುವಾಗ ನಿನ್ನ ಕೈಯಲ್ಲೇ ಕೊಡುತ್ತಾನೆ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿಕೊಂಡವಳು, ಅಂಗಡಿಯ ಪೊಟ್ಟಣದ ಪೇಪರು ಓದಿ ಓದಿ ಕಲಿತವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದು.

ಬಚ್ಚಲಮನೆಗೆ ಜಾರದ ಟೈಲ್ಸ್ ಹಾಕಿ ಮುಗೀತು. ನಿಮ್ಮಪ್ಪ ಹಿಡಿದುಕೊಳ್ಳಲಿಕ್ಕೆ ಗೋಡೆಗೆ ಸ್ಟೀಲಿನ ಹಿಡಿ ಕೂರಿಸಿದ್ದಾರೆ. ಗಾಲಿಕುರ್ಚಿಯಲ್ಲಿ ಕೂತವರ ಕೈಗೆ ಎಟುಕಲಿ ಅಂತ ಸ್ವಿಚ್ಚುಗಳನ್ನೆಲ್ಲ ಕೆಳಗೆ ಇಳಿಸಿದ್ದಾಯಿತು. ಕತ್ತಲಲ್ಲಿ ನಾನೇ ಮೇಲೆ ತಡಕಾಡುತ್ತೇನೆ. ಬಡೇಸಾಬ್ ನಗುತ್ತಾನೆ. "ಅಮ್ಮಾರೆ, ಈ ಮನೆ ಮುಗಿಯೋದ್ರೊಳಗೆ ನನ್ನ ಮಗಳ ಮದುವಿ ಆಗ್ತೈತೆ ಅಂದಿದ್ದೆ. ಈಗ ಮೊಮ್ಮಗನಿಗೆ ಹೆಸರಿಡೋದೂ ಆತು" ಅಂತ. ನಿಮ್ಮತ್ತೆ "ನಿಮ್ಮವ್ವ ಮನೆ ರಿಪೇರಿ ಮಾಡಿಸ್ತಾರೋ, ಮಠ ಕಟ್ಟಿಸ್ತಾರೋ" ಅಂದರಂತಲ್ಲ, ಅವರು ಅಂದದ್ದರಲ್ಲಿ ತಪ್ಪೇನಿಲ್ಲ. ಮಗನ ಮನೆಯಲ್ಲಿ ಬೀಗರು ಹದಿನಾಲ್ಕು ತಿಂಗಳು ಮಲಗಿದ್ದರೆ ಯಾರಾದರೂ ಕೇಳುವ ಮಾತೇ.

"ಇಷ್ಟು ದಿನ ಆ ಧೂಳಲ್ಲಿ ಹೆಂಗೆ ಇರ್ತೀಯವ್ವ, ನಿಂಗೆ ಬ್ಯಾಸರ ಆಗಲ್ವಾ" ಅಂತ ಕೇಳಿದ್ದೆಯಲ್ಲ. ನಾನು ಇಡೀ ಮನೆಯನ್ನು ಒಟ್ಟಿಗೆ ನೋಡುವುದೇ ಇಲ್ಲ. ಐದಕ್ಕೆ ಎದ್ದು, ಹಿಂದಿನ ದಿನ ಗಾರೆ ಮಾಡಿದ ಗೋಡೆಗೆ ನೀರು ಹೊಡೆಯುತ್ತೇನೆ. ಇವತ್ತು ಈ ಗೋಡೆ ಅಂತ ಇಟ್ಟುಕೊಂಡರೆ ಅದೊಂದೇ ಗೋಡೆ. ಕಿಟಕಿಗೆ ಬಣ್ಣ ಅಂದರೆ ಕಿಟಕಿ ಮಾತ್ರ. ಹತ್ತು ಗಂಟೆಗೆ ಕೆಲಸದವರಿಗೆ ಮಂಡಕ್ಕಿ ಕಲಸಿ ಕೊಟ್ಟು, ಅವರ ಜೊತೆ ನಾನೂ ತಿಂದು, ಮತ್ತೆ ಪೊರಕೆ ಹಿಡಿಯುತ್ತೇನೆ. ಎದುರುಮನೆಯಾಕೆ "ಗಂಡನಿಗೋಸ್ಕರ ಇಷ್ಟು ಯಾರು ಒದ್ದಾಡ್ತಾರ್ರಿ" ಅಂದಳು. ಆಕೆಗೂ ಮಂಡಕ್ಕಿ ಕೊಟ್ಟು ಕಳಿಸಿದೆ.

ಭಾನುವಾರ ಅಳಿಯಂದಿರು ಕೊಟ್ಟೂರೇಶ್ ಹೇಳದೆ ಕೇಳದೆ ಕಾರಿನಲ್ಲಿ ನಿಮ್ಮಪ್ಪನನ್ನು ಕರೆತಂದರು. ಅವರು ನಿನಗೆ ಹೇಗೆ ಹೇಳಿದರೋ, ನಾನು ಕಂಡದ್ದು ಬರೆಯುತ್ತೇನೆ. ಹೊರಗಿನ ಇಳಿಜಾರಿನಲ್ಲಿ ಕುರ್ಚಿ ಸಲೀಸಾಗಿ ಹತ್ತಿತು. ಮುಂದಿನ ಗಾಲಿ ಹೊಸ್ತಿಲಿಗೆ ಬಡಿದು ನಿಂತಿತು. ಅಳಿಯಂದಿರು ಇನ್ನೊಂದು ಸಲ ನೂಕಿದ್ದಕ್ಕೆ ನಿಮ್ಮಪ್ಪ ಮುಂದಕ್ಕೆ ವಾಲಿದರು. ಆಮೇಲೆ ಸ್ವಾಧೀನ ಇರುವ ಆ ಒಂದು ಕೈ ಎತ್ತಿ ಒಳಗೆ ತೋರಿಸಿ, ಉಳಿದಿರುವ ಆ ಒಂದೇ ಮಾತು ಆಡಿದರು. "ಮನಿ" ಅಂತ.

"ಎತ್ತಿ ಒಳಗಿಟ್ಟುಬಿಡಾಣ ಬಿಡ್ರಿ ಅತ್ತೆ" ಅಂದರು ಅಳಿಯಂದಿರು.

"ಇವತ್ತು ನೀವು ಎತ್ತೀರಿ. ವಾರಕ್ಕೆ ಮೂರು ಸಲ ಫಿಜಿಯೋಥೆರಪಿಗೆ ಅಂತ ಹೊರಗೆ ತರೋರು ಯಾರು? ನನ್ನ ಕೈಲಿ ಆಗ್ತೈತಾ?"

"ಒಳಗೂ ಒಂದು ಇಳಿಜಾರು ಮಾಡಿಸಿದ್ರಾತು."

"ಕದ ಒಳಗೆ ತೆಗೀತೈತಲ್ಲ, ತಗಲ್ತೈತೆ."

"ಹಂಗಾದ್ರೆ ಹೊಸ್ತಿಲನ್ನೇ ಕೊಯ್ಸಿಬಿಡ್ರಿ."

"ಶ್ರಾವಣದಾಗೆ ಸ್ವಾಮಿಗಳನ್ನ ಕರೆಸಿ, ಅದರ ಕೆಳಗೆ ನವಧಾನ್ಯ ಹಾಕಿ, ಪೂಜೆ ಮಾಡಿ ಕೂರಿಸಿದ್ದು. ಅದಕ್ಕೆ ಗರಗಸ ಹಾಕ್ತಾರೇನು?"

ಬಡೇಸಾಬ್ ಅಲ್ಲೇ ಇದ್ದ. ತೊಳೆದ ಕರಣೆಯನ್ನೇ ಮತ್ತೆ ತೊಳೆಯುತ್ತಾ ಕೂತ. ಅಳಿಯಂದಿರು ಟೀ ಕೂಡ ಕುಡಿಯದೆ ಕುರ್ಚಿ ತಿರುಗಿಸಿದರು. ಕಾರಿಗೆ ಹತ್ತಿಸುವ ತನಕ ನಿಮ್ಮಪ್ಪನ ಕೈ ಮೇಲೇ ಇತ್ತು.

ನೀನು ಒಬ್ಬಳೇ ಅವರನ್ನು ಎತ್ತಿ ಇಳಿಸಬೇಡ. ಸಂಬಳವಿಲ್ಲದ ರಜೆ ಇನ್ನೂ ಹಾಕಬೇಡ. ಕಾರ್ತಿಕ ಕಳೆದ ಮೇಲೆ ಏನಾದರೂ ದಾರಿ ಮಾಡೋಣ. ನಿನ್ನ ಮೈಯಲ್ಲಿ ಕಸುವಿರಲಿ, ನಿನ್ನ ಮನೆಯಲ್ಲಿ ಯಾರೂ ನಿನಗೆ ಎದುರು ಮಾತಾಡದಂತೆ ಆಗಲಿ. ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅವ್ವ,
ಕಸ್ತೂರಮ್ಮ

ತಾ.ಕ.: ಕಾಗದ ಮಡಚಿ ಇಟ್ಟವಳು ಮತ್ತೆ ಬಿಚ್ಚಿದ್ದೇನೆ. ಭಾನುವಾರ ಬಡೇಸಾಬ್ ಬಾಯಿ ಬಿಡದೆ ನನ್ನ ಮರ್ಯಾದೆ ಉಳಿಸಿದ. ಆ ಬಾಗಿಲಿಗೆ ಅವನು ತಂದಿದ್ದು ಅರ್ಧ ಇಂಚಿನ ಪಟ್ಟಿ. ಅದನ್ನು ವಾಪಸ್ ಕಳಿಸಿ ಐದು ಇಂಚಿನ ತೇಗದ ಹೊಸ್ತಿಲು ತರಿಸಿದವಳು ನಾನು. "ಕುರ್ಚಿ ದಾಟಲ್ಲ ಅಮ್ಮಾರೆ" ಅಂತ ಎರಡು ಸಲ ಹೇಳಿದ. ಗೊತ್ತು ಅಂದೆ. ಆಮೇಲೆ ಯಾರೂ ಕೊಯ್ಯಬಾರದು ಅಂತಲೇ ಸ್ವಾಮಿಗಳನ್ನು ಕರೆಸಿ ಪೂಜೆ ಮಾಡಿಸಿದೆ.

ನೀನು ನನ್ನ ಹೊಟ್ಟೆಯಲ್ಲಿದ್ದಾಗ ನನ್ನ ತವರು ಬಾತಿಯಲ್ಲಿ ನಮ್ಮವ್ವ ಹಾಸಿಗೆ ಹಿಡಿದಳು. ಮೂರು ದಿನ ನನ್ನ ಹೆಸರು ಹಿಡಿದು ಕೂಗಿದಳಂತೆ. ಇಲ್ಲಿಂದ ಬಾತಿ ಎಷ್ಟು ಹತ್ತಿರ ಅಂತ ನಿನಗೆ ಗೊತ್ತು. ನಿಮ್ಮಪ್ಪ ಇದೇ ಬಾಗಿಲಿಗೆ ಅಡ್ಡ ನಿಂತು, "ಅಂಗಡಿ ಪೂಜೆ ಮುಗೀಲಿ, ಆಮೇಲೆ ನೋಡಾಣ" ಅಂದರು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಅವರಿಗೆ ಪಾರ್ಶ್ವವಾಯು ಹೊಡೆದ ದಿನ ನಾನು ಅತ್ತದ್ದು ಸುಳ್ಳಲ್ಲ. ಆದರೆ ಗೋಡೆ ಒಡೆಯಲು ಶುರು ಮಾಡಿದ ವಾರ, ಈ ಮನೆಯಲ್ಲಿ ನನ್ನನ್ನು ಗದರಿಸುವವರು ಯಾರೂ ಇಲ್ಲ ಅಂತ ತಿಳೀತು. ಧೂಳಿನಲ್ಲೂ ನಿದ್ದೆ ಬಂತು. ಬ್ಯಾಸರ ಆಗಲ್ವಾ ಅಂದೆಯಲ್ಲ, ಎಲ್ಲಿ ಮುಗಿದುಬಿಡುತ್ತದೋ ಅಂತ ಚೆನ್ನಾಗಿದ್ದ ಗೋಡೆಯನ್ನೂ ಎರಡು ಸಲ ಒಡೆಸಿದ್ದೇನೆ. ಅದರ ಭಾರ ನಿನ್ನ ಸೊಂಟದ ಮೇಲೆ ಬಿತ್ತು.

ನಮ್ಮವ್ವನೂ ಕೊನೆಗೆ ಮಾತು ನಿಂತ ಮೇಲೆ ಬಾಗಿಲ ಕಡೆ ಕೈ ಎತ್ತಿಕೊಂಡೇ ಇದ್ದಳಂತೆ. ಭಾನುವಾರದಿಂದ ನನಗೆ ಊಟ ಸೇರುತ್ತಿಲ್ಲ.

ಗರಗಸ ತರಬೇಕೋ ಬೇಡವೋ, ಬಡೇಸಾಬ್ ಹತ್ತಿರ ಒಂದು ಮಾತು ಹೇಳಿ ಕಳಿಸು. ಹೊಸ್ತಿಲ ಮೇಲೆ ಕೂರಬಾರದು ಅಂತಾರೆ. ಶ್ರಾವಣದಿಂದ ನಾನು ದಿನಾ ಬೆಳಗ್ಗೆ ಅದರ ಮೇಲೇ ಕೂತು ಟೀ ಕುಡಿಯುತ್ತೇನೆ. ನಾಳೆಯೂ ಅಲ್ಲೇ ಕೂತು ಅವನ ದಾರಿ ನೋಡುತ್ತಿರುತ್ತೇನೆ. ನೀನು ಏಳು ಅಂದರೆ ಏಳುತ್ತೇನೆ.