ಹನ್ನೊಂದು ಗಂಟೆಯ ಸಭೆ, ನಲವತ್ತಾರರ ಯುವಕ

ಮಾನ್ಯ ವಲಯ ಅಧಿಕಾರಿಗಳೇ,

ನಮ್ಮ ಬಡಾವಣೆಯ ನಾಗರಿಕ ಸಮಿತಿಯಲ್ಲಿ ಮೂವತ್ತು ವರ್ಷದೊಳಗಿನವರಿಗೆಂದು ಇರುವ ಒಂದೇ ಒಂದು ಸ್ಥಾನವನ್ನು ನೀವು ಸಮಿತಿ ಅಧ್ಯಕ್ಷರ ನಲವತ್ತಾರು ವರ್ಷದ ಅಳಿಯನಿಗೆ ಕೊಟ್ಟಿದ್ದೀರಿ. ಇದು ತಪ್ಪು. ಸುತ್ತಿ ಬಳಸಿ ಹೇಳುವಷ್ಟು ವಿನಯ ನನ್ನಲ್ಲಿ ಉಳಿದಿಲ್ಲ. ನಿಮ್ಮ ಆದೇಶ ಕಚೇರಿಯ ಸೂಚನಾ ಫಲಕದ ಮೇಲೆ ಇನ್ನೂ ಅಂಟಿಕೊಂಡಿದೆ: "ಸೂಕ್ತ ಯುವ ಅಭ್ಯರ್ಥಿಗಳು ಲಭ್ಯವಿಲ್ಲದ ಕಾರಣ ವಯೋಮಿತಿಯನ್ನು ಸಡಿಲಿಸಲಾಗಿದೆ." ಎಂಥ ಉದಾರ ಮನಸ್ಸು! ವಯಸ್ಸನ್ನೂ ಸೊಂಟದ ಪಟ್ಟಿಯಂತೆ ಸಡಿಲಿಸಬಹುದೆಂದು ನಮಗೆ ತಿಳಿದಿರಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡವರೆಲ್ಲ ಯುವಜನರಾದರೆ, ನಮ್ಮ ಬೀದಿಯ ಕ್ಷೌರದಂಗಡಿಯೇ ದೇಶದ ಅತಿದೊಡ್ಡ ಯುವ ಸಂಘಟನೆ.

ಲಭ್ಯವಿಲ್ಲ ಎಂದಿರಲ್ಲ, ಹುಡುಕಿದ್ದು ಎಲ್ಲಿ? ಸಮಿತಿ ಸೇರುವುದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ನಮ್ಮ ವಯಸ್ಸಿನವರು ತರಗತಿಯಲ್ಲಿರುತ್ತಾರೆ, ಗ್ಯಾರೇಜಿನಲ್ಲಿ ಕಾರಿನಡಿ ಮಲಗಿರುತ್ತಾರೆ, ಅಂಗಡಿಯ ಕೌಂಟರಿನ ಹಿಂದೆ ನಿಂತಿರುತ್ತಾರೆ. ಹನ್ನೊಂದಕ್ಕೆ ಪುರುಸೊತ್ತಾಗಿ ಬಂದು, ಒಂದು ಕಪ್ ಚಹಾ ಕುಡಿದು, ಊಟದ ಹೊತ್ತಿಗೆ ಮನೆ ಸೇರಬಲ್ಲವರು ಪಿಂಚಣಿದಾರರು ಮತ್ತು ಅವರ ಅಳಿಯಂದಿರು ಮಾತ್ರ. ನಾವು ಬರಲಾಗದ ಹೊತ್ತಿಗೆ ಬಾಗಿಲು ತೆರೆದು, ಬರಲಿಲ್ಲವೆಂದು ಬರೆದುಕೊಂಡು, ಆಮೇಲೆ "ಈಗಿನ ಹುಡುಗರಿಗೆ ಸಮಾಜದ ಚಿಂತೆಯೇ ಇಲ್ಲ" ಎಂದು ಮೈಕಿನಲ್ಲಿ ನಿಟ್ಟುಸಿರು ಬಿಡುತ್ತೀರಿ. ಇದಕ್ಕೆ ಆಡಳಿತ ಎನ್ನಬೇಕೋ ನಾಟಕ ಎನ್ನಬೇಕೋ?

ನಾನು ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವವನು. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ನಮ್ಮಲ್ಲಿ ಅಚ್ಚಾಗುವ ಕಿರುಹೊತ್ತಗೆ, ಕರಪತ್ರಗಳನ್ನು ಓದಿಯೇ ನಾಲ್ಕಕ್ಷರ ಕಲಿತೆ. ನಿಮ್ಮ "ನಾಯಕತ್ವಕ್ಕೆ ಬನ್ನಿ, ಯುವಜನರೇ!" ಎಂಬ ಬಣ್ಣದ ಕರಪತ್ರದ ಅಂಚು ನೇರ ಮಾಡಿದ್ದೂ ನಾನೇ. ಅದನ್ನು ನಂಬಿ ನಿಮ್ಮ ಶಿಬಿರಕ್ಕೂ ಹೋದೆ. ಅಲ್ಲಿ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದಕ್ಕೆ ಬೀಳಿ, ಯಾರಾದರೂ ಹಿಡಿದುಕೊಳ್ಳುತ್ತಾರೆ ಎಂದರು. ಹಾಗೆ ವಿಶ್ವಾಸ ಬೆಳೆಯುತ್ತದಂತೆ. ಕೊನೆಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟವರಿಗೆ ಪ್ರಮಾಣಪತ್ರ ಕೊಟ್ಟು ಕಳಿಸಿದರು. ಕುರ್ಚಿ ಹೊರುವ ತರಬೇತಿ ನಮಗೆ, ಕೂರುವ ಅರ್ಹತೆ ಅಳಿಯಂದಿರಿಗೆ.

ನೀವು ಹುಡುಕಿಯೂ ಸಿಗದಿದ್ದ ಆ ಅಭ್ಯರ್ಥಿ ನಮ್ಮ ಮನೆಯಲ್ಲೇ ಇದ್ದಳು. ನನ್ನ ಅಕ್ಕ. ಇಪ್ಪತ್ತಾರು ವರ್ಷ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿ. ಸಂದರ್ಶನಕ್ಕೆ ಕರೆದಿರಿ, ಹನ್ನೊಂದಕ್ಕೇ. ಅವಳು ರಜೆ ಹಾಕಿ ಹೋದಳು, ಜೊತೆಗೆ ನಾನೂ ಹೋಗಿ ಬಾಗಿಲ ಬಳಿ ನಿಂತೆ. ಸದಸ್ಯರು ಕೈಯಿರುವ ಕುರ್ಚಿಗಳಲ್ಲಿ ಒರಗಿದ್ದರು. ಅವಳಿಗೆ ಕುರ್ಚಿ ಇರಲಿಲ್ಲ.

"ಸಮಿತಿ ಕೆಲಸದ ಅನುಭವ ಏನಾದ್ರೂ ಇದೆಯೇನಮ್ಮಾ?" ಎಂದರು ಅಧ್ಯಕ್ಷರು.

"ಒಳಗೆ ಬಿಟ್ಕೊಂಡ್ರೆ ತಾನೇ ಸಾರ್ ಅನುಭವ ಆಗೋದು?"

"ಬಾಯಿ ಜೋರಿದೆ," ಎಂದು ಪಕ್ಕದವರು ನಕ್ಕರು. "ಅಲ್ಲಮ್ಮಾ, ನಾಳೆ ಮದುವೆ ಆಗಿ ಹೊರಟೋಗ್ತೀಯ. ಆಗ ಸೀಟು ಖಾಲಿ ಬೀಳುತ್ತಲ್ಲ?"

"ನೀವೂ ಒಂದಿನ ಹೊರಟೋಗೋರೇ ಅಲ್ವಾ ಸಾರ್? ಆದ್ರೂ ನಿಮಗೆ ಕೊಟ್ಟಿದ್ದಾರಲ್ಲ!"

ಅಲ್ಲಿಗೆ ಸಂದರ್ಶನ ಮುಗಿಯಿತು. ಹೊರಗೆ ಬಂದ ಮೇಲೆ ನಾನು, "ಸ್ವಲ್ಪ ತಡ್ಕೋಬಾರ್ದಿತ್ತೇನೇ ಅಕ್ಕಾ?" ಎಂದೆ. "ತಡ್ಕೊಂಡಿದ್ದಕ್ಕೇ ಕಣೋ ಅಷ್ಟರಲ್ಲಿ ಮುಗೀತು," ಎಂದಳು.

ಮುಂದಿನ ವಾರ ಅಳಿಯಂದಿರು ಯುವಜನ ಪ್ರತಿನಿಧಿಯಾದರು. "ವಯಸ್ಸು ಯಾವ ಲೆಕ್ಕ? ಮನಸ್ಸು ಎಳೇದಿರಬೇಕು" ಎಂದು ಭಾಷಣ ಮಾಡಿದರು. ಆ ಎಳೆಯ ಮನಸ್ಸು ಮೊದಲ ಸಭೆಯಲ್ಲೇ ಕೈಯೆತ್ತಿದ್ದು ಯಾವುದಕ್ಕೆ ಗೊತ್ತೇ? ನಮ್ಮ ವಸತಿ ಕಟ್ಟಡಗಳ ಎದುರಿದ್ದ ಬಸ್ ನಿಲ್ದಾಣವನ್ನು ಎತ್ತಿಸುವುದಕ್ಕೆ. ಕಾರಣ, ಅಲ್ಲೇ ಪಕ್ಕದಲ್ಲಿ ಮನೆಯಿರುವ ಸದಸ್ಯರಿಗೆ ಮಧ್ಯಾಹ್ನ ಕಣ್ಣು ಮುಚ್ಚಲು ಬಸ್ಸಿನ ಹಾರ್ನು ಬಿಡುವುದಿಲ್ಲ! ಬಸ್ಸಿನ ಮೆಟ್ಟಿಲು ಮುಟ್ಟದವರು ಸೇರಿ, ಬಸ್ಸಿಲ್ಲದೆ ಬದುಕಲಾಗದವರ ನಿಲ್ದಾಣವನ್ನು ಮುಚ್ಚಿಹೋದ ಕಾರ್ಖಾನೆಯ ಆಚೆಗೆ ಸಾಗಿಸಿದರು. ಮೂರು ತಿಂಗಳ ಪ್ರಯೋಗವಂತೆ. ಬರುವ ಮಂಗಳವಾರದ ಸಭೆಯಲ್ಲಿ ಅದೇ ಕಾಯಂ ಆಗಲಿದೆ.

ಆ ಕಾರ್ಖಾನೆಯ ಗೋಡೆಯನ್ನು ನೀವು ಕತ್ತಲಾದ ಮೇಲೆ ನೋಡಿಲ್ಲ. ಉದ್ದಕ್ಕೂ ಒಂದು ದೀಪವಿಲ್ಲ. ಕಳೆದ ತಿಂಗಳು ಪಾಳಿ ಮುಗಿಸಿ ಬರುತ್ತಿದ್ದ ಅಕ್ಕನನ್ನು ಬೈಕಿನವನೊಬ್ಬ ಗೋಡೆ ಮುಗಿಯುವವರೆಗೂ ಹಿಂಬಾಲಿಸಿದ. ಮನೆಗೆ ಬಂದವಳು ಮೊದಲು ಬಾಗಿಲ ಚಿಲಕ ಹಾಕಿ, ಆಮೇಲೆ ನಡೆದದ್ದನ್ನು ಹೇಳಿದಳು.

"ಸಾಕು, ನಾಳೆಯಿಂದ ಕೆಲಸಕ್ಕೆ ಹೋಗ್ಬೇಡ," ಎಂದರು ಅಪ್ಪ.

"ನಾನು ಮನೇಲಿ ಕೂತ್ರೆ ಆ ದಾರೀಲಿ ಬರೋ ಉಳಿದೋರು ಏನ್ಮಾಡ್ತಾರಪ್ಪಾ?"

"ಉಳಿದೋರಿಗೆ ಅವರವರ ಅಪ್ಪಂದಿರು ಇದ್ದಾರೆ."

ಕೊನೆಗೆ ಅಪ್ಪ ಈ ತಿಂಗಳ ತನಕ ಎಂದು ಗಡುವು ಕೊಟ್ಟರು. ನಿಲ್ದಾಣ ಹಿಂದಕ್ಕೆ ಬಾರದಿದ್ದರೆ ಅಕ್ಕನ ಕೆಲಸ ಮುಗಿಯಿತು. ಅವಳು ತಾನಾಗಿ ಹುಡುಕಿ, ಹಟ ಹಿಡಿದು ಸೇರಿದ ಕೆಲಸ ಅದು. ನಿಮ್ಮ ಪಾಲಿಗೆ ನಿದ್ದೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಒಬ್ಬಳ ಬದುಕಿನ ಪ್ರಶ್ನೆ.

ಅವಳು ಅಳುತ್ತಾ ಕೂತಳೆಂದುಕೊಂಡಿರಾ? ಮರುದಿನವೇ ಕಟ್ಟಡದ ಮನೆಮನೆಯ ಬಾಗಿಲು ತಟ್ಟಿದಳು. ಈಗ ಒಂದು ಏರ್ಪಾಡಿದೆ. ಸಂಜೆಯ ಬಸ್ಸಿಳಿದವರು ಒಬ್ಬರೇ ಹೊರಡುವುದಿಲ್ಲ. ಮುಂದಿನ ಬಸ್ಸಿನವರು ಬರುವ ತನಕ ಕಾಯುತ್ತಾರೆ. ಕಟ್ಟಡದಿಂದ ನಾವು ಕೆಲವರು ಟಾರ್ಚ್ ಹಿಡಿದು ಎದುರು ಹೋಗುತ್ತೇವೆ. ಆಮೇಲೆ ಎಲ್ಲರೂ ಗುಂಪಾಗಿ, ಜೋರಾಗಿ ಹರಟುತ್ತಾ, ಗೋಡೆಯುದ್ದಕ್ಕೂ ನಡೆದು ಬರುತ್ತೇವೆ. ಮೊದಲು "ನಿನ್ನ ಮಾತು ನಾನ್ಯಾಕೇ ಕೇಳ್ಬೇಕು?" ಎಂದು ಮೂತಿ ತಿರುಗಿಸಿದ್ದ ದರ್ಜಿಯಂಗಡಿಯ ಅತ್ತೆಯೇ ಈಗ ತಡವಾಗಿ ಇಳಿದವರನ್ನು ಗದರಿಸುತ್ತಾರೆ. ಇದನ್ನು ನಮಗೆ ಕಲಿಸಲು ಕಣ್ಣಿಗೆ ಬಟ್ಟೆ ಕಟ್ಟಬೇಕಾಗಲಿಲ್ಲ.

ನಾಯಕತ್ವ ನೀವು ತಟ್ಟೆಯಲ್ಲಿಟ್ಟು ಹಂಚುವ ಪ್ರಸಾದವಲ್ಲ, ಸ್ವಾಮಿ. ನಾಲ್ಕು ಜನ ಒಬ್ಬರ ಮಾತಿಗೆ ಕಾದು ನಿಂತರೆಂದರೆ ಅದು ಆಗಲೇ ಅಲ್ಲಿ ಹುಟ್ಟಿಯಾಯಿತು. ನಿಮಗೆ ಉಳಿದಿರುವ ಕೆಲಸ ಇಷ್ಟೇ, ದಾರಿಗೆ ಅಡ್ಡ ಕೂತಿರುವ ಅಳಿಯಂದಿರನ್ನು ಎಬ್ಬಿಸುವುದು.

ಹಾಗಾಗಿ ಕೇಳಿ, ಇದು ಬೇಡಿಕೆ, ಬೇಡುವಿಕೆ ಅಲ್ಲ. ನೇಮಕವನ್ನು ರದ್ದು ಮಾಡಿ. ಸಭೆಗಳನ್ನು ದುಡಿಯುವವರು ಬರಬಲ್ಲ ಸಂಜೆಯ ಹೊತ್ತಿಗೆ ಇಡಿ. ನಿಲ್ದಾಣವನ್ನು ಕಾಯಂ ಮಾಡುವ ನಿರ್ಣಯವನ್ನು ತಡೆಹಿಡಿದು, ಅದು ಇದ್ದ ಜಾಗಕ್ಕೇ ತನ್ನಿ.

ನಿಮ್ಮ ಒಪ್ಪಿಗೆಗಾಗಿ ನಾವು ಕಾಯುವುದಿಲ್ಲ. ಮೂವತ್ತರೊಳಗಿನ ನಾವೆಲ್ಲ ಕಟ್ಟಡಗಳ ನಡುವಿನ ಅಂಗಳದಲ್ಲಿ ಸೇರಿ, ಕೈಯೆತ್ತಿ, ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಲಿದ್ದೇವೆ. ಅಕ್ಕ ನಿಂತಿದ್ದಾಳೆ. ಗ್ಯಾರೇಜಿನ ಗೆಳೆಯನೊಬ್ಬನೂ ನಿಂತಿದ್ದಾನೆ, ಬಿಟ್ಟುಕೊಡುವ ಆಸಾಮಿಯಲ್ಲ. ಅಕ್ಕ ಸೋಲಲೂಬಹುದು. ಗೆದ್ದವರು ಯಾರೇ ಆಗಲಿ, ಮಂಗಳವಾರ ನಾವೆಲ್ಲ ಅರ್ಧ ದಿನ ರಜೆ ಹಾಕಿ ಅವರ ಹಿಂದೆ ನಿಮ್ಮ ಹನ್ನೊಂದರ ಸಭೆಗೆ ಬರುತ್ತೇವೆ. ಲಭ್ಯರಿದ್ದೇವೋ ಇಲ್ಲವೋ ಆಗ ಎಣಿಸಿಕೊಳ್ಳಿ.

ಅದಕ್ಕೂ ಮೊದಲೇ ನೋಡುವ ಧೈರ್ಯವಿದ್ದರೆ ಅಂಗಳಕ್ಕೆ ಬನ್ನಿ. ಕಾರು ಬೇಡ, ಬಸ್ಸಿನಲ್ಲಿ ಬನ್ನಿ. ಇಳಿದು, ಗೋಡೆಯ ಪಕ್ಕದಲ್ಲೇ ನಡೆದು ಬನ್ನಿ. ಈ ಭಾನುವಾರ, ಸಂಜೆ ಏಳು ಗಂಟೆಗೆ.

ಇಂತಿ,
ನಿಮ್ಮ ಕಡತದಲ್ಲಿ "ಆಸಕ್ತಿ ಇಲ್ಲದವರು" ಎಂದು ನಮೂದಾಗಿರುವವರಲ್ಲಿ ಒಬ್ಬ,
ಕುರ್ಚಿ ಪೇರಿಸುವುದರಲ್ಲಿ ಮಾತ್ರ ಪ್ರಮಾಣಪತ್ರ ಪಡೆದವನು