ಕೌದಿಯ ಹೊಟ್ಟೆ

ಸಾರಕ್ಕಿ, ಬೆಂಗಳೂರು
ಜನವರಿ 6, 2026, ಮಂಗಳವಾರ

ನನ್ನ ಅವ್ವ ಶಂಕ್ರವ್ವನ ಪಾದಗಳಿಗೆ ಮಗಳು ಭಾಗ್ಯಜ್ಯೋತಿಯ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ, ಜ್ವರ ಗಿರ ಏನೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮಗಳಿಂದ ಪತ್ರ ಬಂತು ಎಂದರೆ ನೀನು ಲಕೋಟೆ ಒಡೆಯುವ ಮೊದಲೇ ಅಳಲು ಕೂರುತ್ತೀ. ಇದನ್ನು ಚನ್ನವೀರ ಕಾಕಾನ ಕೈಯಲ್ಲಿ ಓದಿಸಬೇಡ. ಅವನು ಓದಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಕನ್ನಡಕ ಹಾಕಿಕೊಂಡು, ಅಂಗಳದ ಬೆಳಕಿನಲ್ಲಿ ಕೂತು, ನಿಧಾನಕ್ಕೆ ಅಕ್ಷರ ಕೂಡಿಸಿಕೊಂಡು ನೀನೇ ಓದು. ಅದಕ್ಕೇ ದೊಡ್ಡದಾಗಿ ಬರೆದಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನನ್ನ ಎರಡನೆಯ ಮಾತಿಗೇ ನಿನ್ನ ಬೈಗುಳ ಶುರುವಾಗುತ್ತದೆ. ಪತ್ರಕ್ಕೆ ಎಷ್ಟು ಬೈದರೂ ಅದು ತನ್ನ ಮಾತು ಮುಗಿಸಿಯೇ ಸುಮ್ಮನಾಗುತ್ತದೆ.

ಅವ್ವಾ, ನಾನು ಕೆಲಸ ಬಿಟ್ಟೆ. ಈಗಲ್ಲ, ಶ್ರಾವಣದಲ್ಲೇ. ಭಾನುವಾರ ಭಾನುವಾರ ನೀನು ಆಫೀಸ್ ಹೆಂಗೈತಿ ಎಂದು ಕೇಳಿದಾಗೆಲ್ಲ ಚಲೋ ಐತಿ ಎನ್ನುತ್ತಿದ್ದೆ. ಆಫೀಸು ಚಲೋ ಇದ್ದಿರಬಹುದು, ನಾನು ಅಲ್ಲಿರಲಿಲ್ಲ ಅಷ್ಟೇ. ಇದು ಸಣ್ಣ ತಪ್ಪು. ದೊಡ್ಡದು ಇನ್ನೊಂದಿದೆ, ಒಂದು ಲೋಟ ನೀರು ಕುಡಿದು ಮುಂದೆ ಓದು. ನಾನು ಸೂಜಿ ಹಿಡಿದಿದ್ದೇನೆ. ಹಳೆಯ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ, ಅದೇ ಧ್ಯಾನ, ನಿದ್ದೆಯಲ್ಲೂ ಅದೇ.

ನಾನು ಆಣೆ ಮರೆತಿಲ್ಲ. ಡಿಗ್ರಿಗೆಂದು ಧಾರವಾಡಕ್ಕೆ ಹೊರಟ ವರ್ಷ ಬಾದಾಮಿಯ ಬನಶಂಕರಿ ಗುಡಿಯಲ್ಲಿ ನೀನು ನನ್ನ ಎರಡೂ ಕೈ ಹಿಡಿದುಕೊಂಡು, ಮಂದಿ ಕೌದಿ ಹೊಲ್ದ ಹೊಲ್ದ ನನ್ನ ಕಣ್ಣ ಹೋದುವು, ನೀ ಜೀವ ಇರೂತನಕ ಸೂಜಿ ಮುಟ್ಟಬ್ಯಾಡ, ಪೆನ್ನ ಹಿಡಿ ಅಂದಿದ್ದೆ. ನಾನು ಹೂಂ ಅಂದಿದ್ದೆ. ಎಂಟು ವರ್ಷ ಕಿತ್ತುಹೋದ ಗುಂಡಿಯನ್ನೂ ದರ್ಜಿಯ ಕೈಯಲ್ಲೇ ಹಾಕಿಸಿದೆ. ಹೋದ ಮಳೆಗಾಲದ ಒಂದು ಸಂಜೆ ಜೆ.ಪಿ. ನಗರದಲ್ಲಿ ಬ್ಲೌಸ್ ಹೊಲಿಯುವವರೊಬ್ಬರು ಚಿಂದಿಯ ಮೂಟೆಯನ್ನು ಕಸದ ಗಾಡಿಗೆ ಹಾಕಲು ಹೊರಗೆ ತಂದರು. ಮೂಟೆಯ ಬಾಯಿ ಬಿಚ್ಚಿತ್ತು. ಒಳಗೆ ಕುಸುಬೆ ಹೂವಿನ ಬಣ್ಣ, ಪಕ್ಕದಲ್ಲೇ ನವಿಲು ನೀಲಿ. ನನಗೆ ಏನಾಯಿತೋ ಗೊತ್ತಿಲ್ಲ ಅವ್ವಾ, ಅಣ್ಣ ಅದನ್ನ ನನಗೆ ಕೊಡಿ ಎಂದು ಬೇಡಿಕೊಂಡು ತಲೆಯ ಮೇಲೆ ಹೊತ್ತು ತಂದೆ. ಮಾರನೆಯ ದಿನ ಆಫೀಸಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಮೂರನೆಯ ದಿನ ಹೋದದ್ದು ರಾಜೀನಾಮೆ ಕೊಡಲು.

ಬಿ.ಟಿ.ಎಂ.ನ ರೂಮಿನಲ್ಲಿ ಕೌದಿ ಹಾಸಲು ಜಾಗವೇ ಇರಲಿಲ್ಲ. ಅದಕ್ಕೆ ಸಾರಕ್ಕಿಗೆ ಬಂದೆ. ಇದು ಹಿಂದೆ ಹಳ್ಳಿಯಾಗಿತ್ತಂತೆ, ಈಗ ಸುತ್ತಲೂ ಬೆಂಗಳೂರು. ಅಕ್ಕಯಮ್ಮ ಎಂಬುವವರ ಮೂರಂತಸ್ತಿನ ಮನೆಯ ಹಿಂದೆ ಹಳೆಯ ದನದ ಕೊಟ್ಟಿಗೆಯೊಂದು ಉಳಿದಿದೆ. ಹೊಲವೆಲ್ಲ ಸೈಟಾಗಿ ದನಗಳು ಹೋದ ಮೇಲೂ ಅದನ್ನು ಕೆಡವಲು ಅವರಿಗೆ ಮನಸ್ಸು ಬಂದಿಲ್ಲ. ಅದು ಬಾಡಿಗೆಗೆ ಬೇಕು ಎಂದು ಕೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೊಟ್ಟಿಗೇಲಿರ್ತೀನಿ ಅಂತೀಯಲ್ಲಮ್ಮಿ, ನಿಂಗೇನ್ ಕೊಂಬೈತಾ ಎಂದರು. ಈಗ ದಿನಕ್ಕೆ ನಾಲ್ಕು ಸಲ ಬಂದು ನೋಡಿ ಹೋಗುತ್ತಾರೆ. ನನಗೆ ಅಡುಗೆ ಬರುವುದಿಲ್ಲ ಎಂದು ಕಂಡುಹಿಡಿದ ಮೇಲೆ ಸಾರು ತಂದಿಟ್ಟು ಹೋಗುತ್ತಾರೆ. ಈಗ ಅವರೇಕಾಯಿಯ ಕಾಲ, ವಾರವಿಡೀ ಅದೇ ಸಾರು, ಬೇಸರವೇ ಆಗುವುದಿಲ್ಲ.

ನನ್ನ ದಿನ ಹೇಗಿರುತ್ತದೆ ಎಂದು ಹೇಳಲೇಬೇಕು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನಿನ್ನೆಯ ಹೊಲಿಗೆ ನೋಡುತ್ತೇನೆ. ರಾತ್ರಿ ಚೆಂದ ಕಂಡದ್ದು ಬೆಳಗಿನ ಬೆಳಕಿನಲ್ಲಿ ಪೆದ್ದಾಗಿ ಕಂಡರೆ ಬಿಚ್ಚಿಹಾಕುತ್ತೇನೆ. ಆಮೇಲೆ ಮಾರ್ಕೆಟ್ಟಿಗೆ ಹೋಗುತ್ತೇನೆ, ತರಕಾರಿಗಲ್ಲ, ಬಣ್ಣಕ್ಕೆ. ಬದನೆಕಾಯಿ ರಾಶಿಯ ಪಕ್ಕ ಸೇವಂತಿಗೆ ಬುಟ್ಟಿ ಇಟ್ಟುಕೊಂಡವಳನ್ನು ಅರ್ಧ ಗಂಟೆ ನೋಡುತ್ತ ನಿಂತದ್ದಕ್ಕೆ, ತಗೊಳಲ್ಲ ಅಂದ್ರೆ ಸೈಡಿಗೋಗಕ್ಕ ಎಂದು ಬೈಸಿಕೊಂಡೆ. ಬಣ್ಣ ತಲೆಯಲ್ಲಿ ತುಂಬಿಕೊಂಡ ಮೇಲೆ ಓಡಿಬಂದು ಕಾಲು ಚಾಚಿ ಕೂರುತ್ತೇನೆ. ಗೆರೆ ಹಾಕುವುದಿಲ್ಲ, ಅಳತೆ ಮಾಡುವುದಿಲ್ಲ. ತುಂಡುಗಳನ್ನು ಚೆಲ್ಲಿ, ಯಾವುದು ಯಾವುದರ ಪಕ್ಕ ಜಗಳವಾಡದೆ ಕೂರುತ್ತದೆ ಎಂದು ನೋಡುತ್ತೇನೆ. ಕೆಲವು ಸಲ ಜಗಳವೇ ಚೆಂದ, ಹಾಗೇ ಬಿಡುತ್ತೇನೆ. ಅಂಚಿನಿಂದ ಸುತ್ತಿಕೊಂಡು ನಡುವಿಗೆ ಬರುವುದು ನಿನ್ನ ಕೈ ನೋಡಿ ಕಲಿತದ್ದೇ. ಕೂತು ಸಾಕಾದರೆ ಮೆಟ್ರೋ ಹತ್ತಿ ಹೊಲಿಯುತ್ತೇನೆ. ಒಂದು ದಿನ ತಪಾಸಣೆಯ ಹೆಣ್ಣುಮಗಳು ಚೀಲದಿಂದ ಕತ್ತರಿ ತೆಗೆದು ಇದು ಬಿಡಲ್ಲ ಮೇಡಂ ಎಂದಳು. ಅವತ್ತಿನಿಂದ ದಾರವನ್ನು ಹಲ್ಲಿನಲ್ಲೇ ಕಡಿಯುತ್ತೇನೆ. ನಿನ್ನ ಹಾಗೆ.

ಬೀದಿಯವರೆಲ್ಲ ಹಳೆಯ ಬಟ್ಟೆ ತಂದುಕೊಡುತ್ತಾರೆ. ಶಾಲೆಯ ಯೂನಿಫಾರಂ, ನೈಟಿ, ಬಾಣಂತಿಯ ಸೀರೆ, ತೀರಿಕೊಂಡವರ ಲುಂಗಿ. ಕೊಟ್ಟು ಸುಮ್ಮನೆ ಹೋಗುವುದಿಲ್ಲ, ಅದರ ಕತೆಯನ್ನೂ ಹೇಳಿಯೇ ಹೋಗುತ್ತಾರೆ. ಒಂದು ಕೌದಿಯಲ್ಲಿ ಅಕ್ಕಯಮ್ಮನ ರಾಗಿ ಹೊಲವಿದೆ, ಅದರ ನಡುವೆ ಕಪ್ಪು ಪ್ಯಾಂಟಿನ ಬಟ್ಟೆಯಲ್ಲಿ ರಿಂಗ್ ರೋಡ್ ಹಾದು ಹೋಗುತ್ತದೆ. ಇನ್ನೊಂದರ ತುಂಬ ಸಂಜೆ ಆರರ ಸಾರಕ್ಕಿ ಸಿಗ್ನಲ್, ಬರೀ ಕೆಂಪು, ಒಂದು ಇಂಚೂ ಮುಂದೆ ಹೋಗದ ಕೆಂಪು. ಹೊಲಿಯುವಾಗ ನನಗೆ ಹಸಿವೆ ಗೊತ್ತಾಗುವುದಿಲ್ಲ, ಹೊತ್ತು ಗೊತ್ತಾಗುವುದಿಲ್ಲ. ಇಷ್ಟು ಸಂತೋಷವಾಗಿ ನಾನು ಯಾವತ್ತೂ ಇರಲಿಲ್ಲ ಅವ್ವಾ. ಇದನ್ನು ನಿನ್ನಿಂದ ಮುಚ್ಚಿಟ್ಟುಕೊಂಡು ಇದ್ದದ್ದೇ ನನಗೆ ಕಷ್ಟವಾಗಿದ್ದು.

ಮೊದಲ ಕೌದಿಯ ಹೊಟ್ಟೆ ತುಂಬಿಸಿದ ಕತೆ ಕೇಳಿದರೆ ನೀನು ನಗುತ್ತೀ. ಕೊನೆಯ ಕಿಂಡಿ ಮುಚ್ಚುವ ಮೊದಲು ಒಳಗೆ ರೊಟ್ಟಿಯ ಚೂರು ಇಡಬೇಕು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನೀನು ಹೇಳುತ್ತಿದ್ದೆಯಲ್ಲ. ಅವತ್ತು ನನ್ನ ಹತ್ತಿರ ರೊಟ್ಟಿ ಇರಲಿಲ್ಲ. ಅಕ್ಕಯಮ್ಮ, ಊಟ ಯಾವ್ದಾದ್ರೇನು, ಮುದ್ದೆ ಇಡು ಎಂದರು. ನಾನು ಬುದ್ಧಿಯಿಲ್ಲದವಳು, ಬಿಸಿ ಮುದ್ದೆಯ ತುತ್ತು ಇಟ್ಟು ಹೊಲಿದುಬಿಟ್ಟೆ. ನಾಲ್ಕನೆಯ ದಿನಕ್ಕೆ ಬೂಷ್ಟು ಹಿಡಿದು ನಾರಲು ಶುರುವಾಯಿತು, ಐದನೆಯ ದಿನ ಇಲಿ ಬಂದು ನಡುಮಧ್ಯೆ ಅಂಗೈಯಗಲ ತೂತು ಕೊರೆದು ಹೋಯಿತು. ನಾನು ಅತ್ತೆ. ಅಕ್ಕಯಮ್ಮ ಸೊಂಟಕ್ಕೆ ಕೈ ಕೊಟ್ಟು, ಕೌದಿ ಹೊಟ್ಟೆ ತುಂಬ್ತೋ ಇಲ್ವೋ, ಇಲಿ ಹೊಟ್ಟೆ ತುಂಬ್ತಲ್ಲ ಬಿಡು ಎಂದರು. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಒಣ ರಾಗಿ ತಂದುಕೊಟ್ಟರು. ಅವರ ಸ್ವಂತ ಹೊಲದ ಕೊನೆಯ ಬೆಳೆಯಂತೆ, ಇಷ್ಟು ವರ್ಷ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಂತೆ. ನನ್ನ ಕೌದಿಗಳ ಹೊಟ್ಟೆಯಲ್ಲಿ ಈಗ ಸಾರಕ್ಕಿಯ ರಾಗಿ ಇದೆ.

ಆದರೂ ಒಳಗೊಳಗೆ ಆಣೆ ಚುಚ್ಚುತ್ತಲೇ ಇತ್ತು. ಹೋದ ತಿಂಗಳು ಒಂದು ಮಂಗಳವಾರ ಅಕ್ಕಯಮ್ಮನನ್ನು ಕರೆದುಕೊಂಡು ಇಲ್ಲಿಯ ಬನಶಂಕರಿ ಗುಡಿಗೆ ಹೋದೆ. ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ತಾಯೀ, ನನ್ನ ಆಣೆ ಬಿಡಿಸು ಎಂದು ಕಣ್ಣು ಮುಚ್ಚಿದೆ. ಏನ್ ಕೇಳ್ಕಂಡೆ ಎಂದು ಅಕ್ಕಯಮ್ಮ ಬಿಡದೆ ಕೇಳಿದರು, ಎಲ್ಲವನ್ನೂ ಹೇಳಿದೆ. ಅವರು ಗುಡಿಯ ಮೆಟ್ಟಿಲಿನ ಮೇಲೆಯೇ ನಿಂತು, ಅಲ್ಲ ಕಣಮ್ಮಿ, ಆಣೆ ಇಟ್ಟಿದ್ದು ಬಾದಾಮಿ ಅಮ್ಮನ ಮುಂದೆ, ಬಿಡಿಸ್ಕಳಕ್ ಬಂದಿರೋದು ಬೆಂಗ್ಳೂರಮ್ಮನ ತಾವ, ಇದ್ಯಾವ ನ್ಯಾಯ ಎಂದು ಜೋರು ಮಾಡಿದರು. ಎರಡೂ ಒಬ್ಬಳೇ ತಾಯಿಯಲ್ಲವೇ ಎಂದೆ. ಅಮ್ಮ ಒಬ್ಳೇ ಇರ್ಬೋದು, ಆಣೆ ಹಾಕಿಸ್ಕಂಡೋಳು ನಿಮ್ಮವ್ವ, ಅವ್ಳು ಬಿಟ್ರೆ ಬಿಟ್ಟಂಗೆ, ಮೊದ್ಲು ಅವ್ಳಿಗ್ ಬರಿ ಎಂದರು. ಅವರು ಹೇಳಿದ್ದು ಸರಿಯಿತ್ತು, ಅದಕ್ಕೇ ಸಿಟ್ಟು ಬಂದಿತ್ತು.

ಈಗ ದೊಡ್ಡ ಸುದ್ದಿ. ಜಯನಗರದಲ್ಲಿ ಅರ್ಪಿತ ಎಂಬ ಮೇಡಂ ತಮ್ಮ ಹಳೆಯ ಮನೆಯನ್ನೇ ಚಿತ್ರ ತೂಗುಹಾಕುವ ಜಾಗವಾಗಿ ಮಾಡಿದ್ದಾರೆ. ಬೀದಿಯ ಯಾರೋ ಹೇಳಿ, ಹೋದ ಗುರುವಾರ ಕೊಟ್ಟಿಗೆಗೇ ಬಂದರು. ಅಂಗಳದ ಹಗ್ಗದ ಮೇಲೆ ಕೌದಿಗಳನ್ನೆಲ್ಲ ಹರವಿದ್ದೆ. ಒಂದೊಂದನ್ನೂ ನೋಡಿದರು. ಆಮೇಲೆ ಚಹಾಕ್ಕೆಂದು ಒಳಗೆ ಬಂದವರು ಒಂದು ಕೌದಿಯನ್ನು ಕಂಡು ಲೋಟ ಕೆಳಗಿಟ್ಟುಬಿಟ್ಟರು. ನೆಲದ ಮೇಲೆ ಕೂತರು. ಮಗುಚಿ ಹಿಂದಿನ ಹೊಲಿಗೆ ನೋಡಿದರು, ಬೆರಳಿಟ್ಟು ಸವರಿದರು. ಆಮೇಲೆ, ಸಖತ್ತಾಗಿದೆ ಅನ್ನೋದೂ ಕಡಿಮೆಯಾಯ್ತು, ನಡುಗೋಡೆ ಇದಕ್ಕೇ ಎಂದರು. ಹನ್ನೊಂದು ಕೌದಿಗಳು ಗೋಡೆ ಏರುತ್ತವೆ ಅವ್ವಾ. ಇದೇ ಜನವರಿ 24, ಶನಿವಾರ ಸಂಜೆ ಐದಕ್ಕೆ. ಜನ ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ, ಹೊದೆಯುವುದನ್ನು ಗೋಡೆಗೆ ಹಾಕಿದ್ದಾರೆ ಎಂದು ನಗುವವರೂ ಬರುತ್ತಾರೆ. ಬರಲಿ.

ಒಂದು ಕೌದಿಯ ಹೊಟ್ಟೆಯನ್ನು ಮಾತ್ರ ಇನ್ನೂ ಮುಚ್ಚಿಲ್ಲ. ನೀನು ಬಂದು, ನಿನ್ನ ಕೈಯಾರೆ ಜೋಳದ ರೊಟ್ಟಿಯ ಚೂರು ಇಟ್ಟು, ನಾಲ್ಕು ಹೊಲಿಗೆ ಹಾಕಬೇಕು. ಕಣ್ಣು ಕಾಣದಿದ್ದರೆ ಸೂಜಿಗೆ ನಾನು ದಾರ ಪೋಣಿಸಿಕೊಡುತ್ತೇನೆ. ನೀನು ಹೊಲಿದರೆ ಆಣೆ ಬಿಟ್ಟಂತೆ ಎಂದುಕೊಳ್ಳುತ್ತೇನೆ. ಬರದಿದ್ದರೆ ಬಿಟ್ಟಿಲ್ಲ ಎಂದುಕೊಳ್ಳುತ್ತೇನೆ, ಆಗಲೂ ಹೊಲಿಯುತ್ತೇನೆ, ಆದರೆ ಅಳುತ್ತ ಹೊಲಿಯುತ್ತೇನೆ. ಶುಕ್ರವಾರ ಬಾಗಲಕೋಟೆಯಲ್ಲಿ ರೈಲು ಹತ್ತು. ಶನಿವಾರ ಬೆಳಗ್ಗೆ ನಾನೂ ಅಕ್ಕಯಮ್ಮನೂ ಸ್ಟೇಷನ್ನಿನಲ್ಲಿ ನಿಂತಿರುತ್ತೇವೆ. ಬೈಯುವುದನ್ನು ಮನೆಗೆ ಬಂದ ಮೇಲೆ ಬೈಯುವೆಯಂತೆ.

ನಿನ್ನ ಮಾತು ಮೀರಿದ, ನಿನ್ನನ್ನು ಬಿಟ್ಟು ಇನ್ನು ಯಾರಿಗೂ ಹೆದರದ ಮಗಳು,
ಭಾಗ್ಯ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಹನ್ನೊಂದು ಎಂದು ಬರೆದೆನಲ್ಲ, ನನ್ನವು ಹತ್ತೇ. ಅರ್ಪಿತ ಮೇಡಂ ಚಹಾ ಕೆಳಗಿಟ್ಟು ಕೂತದ್ದು ನನ್ನ ಮಂಚದ ಮೇಲಿದ್ದ ಕೌದಿಯ ಮುಂದೆ. ಬೆಂಗಳೂರಿಗೆ ಹೊರಟಾಗ, ಅಪ್ಪನ ಧೋತರ ನಡುವೆ ಇಟ್ಟು ನೀನು ಹೊಲಿದುಕೊಟ್ಟದ್ದು. ನನ್ನ ಹತ್ತನ್ನು ನೋಡಿ ಅವರು ಅಂದದ್ದು ಇಷ್ಟೇ: ಇವೂ ಇರಲಿ. ನಿನ್ನದನ್ನೂ ನನ್ನದೆಂದೇ ತಿಳಿದಿದ್ದರು. ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಎರಡು ದಿನ ನಿನ್ನ ಮೇಲೆ ಹೊಟ್ಟೆಕಿಚ್ಚುಪಟ್ಟೆ ಅವ್ವಾ, ಸೂಜಿ ಮುಟ್ಟಲಿಲ್ಲ. ಮೂರನೆಯ ದಿನ ಜಯನಗರಕ್ಕೆ ಹೋಗಿ, ಅದು ನಮ್ಮವ್ವನದು, ಬೇಕಿದ್ದರೆ ನನ್ನವನ್ನು ಬಿಡಿ ಎಂದೆ. ಅವರು ನಿನ್ನ ಹೆಸರು ಕೇಳಿ ಬರೆದುಕೊಂಡರು. ನಿನ್ನೆ ಕಾರ್ಡು ಅಚ್ಚಾಗಿ ಬಂತು, ಒಂದನ್ನು ಇದರೊಳಗೆ ಇಟ್ಟಿದ್ದೇನೆ. ಮೇಲೆ ನಿನ್ನ ಹೆಸರಿದೆ, ಕೆಳಗೆ ನನ್ನದು. ನಿನ್ನ ಹೆಸರಿನ ಮುಂದೆ ಕಲಾವಿದೆ ಎಂದು ಹಾಕಿದ್ದಾರೆ, ನನ್ನ ಹೆಸರಿನ ಮುಂದೆ ಶಂಕ್ರವ್ವನವರ ಮಗಳು ಎಂದು.